ಅಂಪೈರ್ ಆಡಿದ ವರ್ಷ

ತಿಪ್ಪೇರುದ್ರಸ್ವಾಮಿಯ ಬೆರಳು ಬಹಳ ನಿಧಾನವಾಗಿ ಏಳುತ್ತಿತ್ತು. ಬೌಲರು ಕೂಗಿ, ಕೀಪರು ಕೂಗಿ, ಸ್ಲಿಪ್ಪಿನಲ್ಲಿ ನಿಂತವರು ಎರಡೂ ಕೈ ಎತ್ತಿ ಕುಣಿದು, ಮೈಕಿನವನು 'ಏನಾಗಬಹುದು, ಏನಾಗಬಹುದು' ಎಂದು ಕೇಳಿ ಸುಮ್ಮನಾದ ಮೇಲೂ ಅವನು ಬಿಳಿ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಪಿಚ್ಚಿನ ನಡುವೆ ಎಲ್ಲೋ ನೋಡುತ್ತ ನಿಂತಿರುತ್ತಿದ್ದ. ಆಮೇಲೆ ಬಲಗೈ ಹೊರಬಂದು, ತೋರುಬೆರಳು ನೆಟ್ಟಗಾಗಿ, ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅದಕ್ಕಿಂತ ಮೇಲೆ ಅದು ಎಂದೂ ಹೋಗಲಿಲ್ಲ. ಬೇರೆ ಅಂಪೈರುಗಳು ಆಕಾಶಕ್ಕೆ ತಿವಿಯುವಂತೆ ಎತ್ತುವುದನ್ನು ಕಂಡವರು ಯಾರೋ ಕೇಳಿದ್ದಕ್ಕೆ, "ಔಟಾದೋನು ಒಬ್ನೇ ಅಲ್ವೇನ್ರೀ? ಅವಂಗೆ ಕಂಡ್ರೆ ಸಾಕು. ಊರಿಗೆಲ್ಲ ಯಾಕೆ ತೋರ್ಸ್ಬೇಕು" ಅಂದಿದ್ದ.

ನಾವಿಬ್ಬರೂ ಚನ್ನಗಿರಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾನು ಸುಮಾರಾಗಿ ಆಡುತ್ತಿದ್ದೆ. ಅವನಿಗೆ ಆಡಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಏನೇನೂ ಬರುತ್ತಿರಲಿಲ್ಲ; ಕ್ಯಾಚು ಹಿಡಿಯಲು ಹೋದರೆ ಬಾಲು ಬೆರಳಿಗೆ ಬಡಿಯುತ್ತಿತ್ತು, ಬ್ಯಾಟು ಕೊಟ್ಟರೆ ಕಣ್ಣು ಮುಚ್ಚಿಕೊಂಡು ಬೀಸುತ್ತಿದ್ದ. ಎರಡು ಟೀಮಿಗೆ ಹುಡುಗರನ್ನು ಆರಿಸಿಕೊಂಡಾದ ಮೇಲೆ ಉಳಿಯುತ್ತಿದ್ದವನು ಅವನೇ. ಹಾಗೆ ಉಳಿದವನು ಒಂದು ದಿನ ಮನೆಗೆ ಹೋಗುವ ಬದಲು ಬೌಲರಿನ ಕಡೆಯ ವಿಕೆಟ್ಟಿನ ಹಿಂದೆ ಹೋಗಿ ನಿಂತ. ನಿಂತವನು ನಲವತ್ತು ವರ್ಷ ನಿಂತೇ ಇದ್ದ. ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಲ್ಲಿ, ತ್ಯಾವಣಿಗೆಯ ಕಣದಂಥ ಗದ್ದೆಬಯಲಿನಲ್ಲಿ, ಎಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು ನಡೆದರೂ ಅವನಿಗೆ ಕರೆ ಬರುತ್ತಿತ್ತು. ಬಸ್ ಚಾರ್ಜು, ಮಧ್ಯಾಹ್ನದ ಊಟ, ಕೊನೆಯ ದಿನ ಒಂದು ಶಾಲು, ಇಷ್ಟೇ ಅವನ ಸಂಪಾದನೆ. ಪಿಚ್ಚಿನ ಮೇಲೆ ಕಾಲಿಡಬಾರದೆಂಬ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಮದುವೆ ಛತ್ರಗಳಲ್ಲಿ ವೇದಿಕೆಯವರೆಗೆ ಹಾಸಿದ ಕೆಂಪು ಹಾಸಿನ ಮೇಲೂ ಅವನು ನಡೆಯುತ್ತಿರಲಿಲ್ಲ. ಕುರ್ಚಿಗಳ ಸಂದಿಯಲ್ಲಿ ನುಸುಳಿಕೊಂಡು, ಕೂತವರ ಮೊಣಕಾಲಿಗೆಲ್ಲ ತಾಗಿಸಿಕೊಂಡು, ಹಾಸಿನ ಅಂಚಿಗೇ ಹೋಗಿ ವಧೂವರರಿಗೆ ಅಕ್ಷತೆ ಹಾಕಿ ಬರುತ್ತಿದ್ದ.

ಹೊಟ್ಟೆಪಾಡಿಗೆ ಅಡಿಕೆ ಮಂಡಿಯಲ್ಲಿ ತೂಕದ ಕೆಲಸ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು; ತಕ್ಕಡಿಗೂ ತೀರ್ಪಿಗೂ ಗಂಟು ಹಾಕಿ ಒಮ್ಮೆ ಅವನೆದುರು ದೊಡ್ಡ ಮಾತಾಡಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, "ಲೇ ಗುರುಸ್ವಾಮಿ, ತೂಕ ಮೆಷಿನ್ ಮಾಡ್ತೈತೆ. ನಾನು ಚೀಲ ಇಡೋನು, ಇಳಿಸೋನು" ಅಂದ. ಮಂಡಿಯಿಂದ ಅವನು ಆಟಕ್ಕೆ ತಂದದ್ದು ಆರು ಅಡಿಕೆ ಮಾತ್ರ. ಓವರು ಶುರುವಾದಾಗ ಆರೂ ಎಡ ಜೇಬಿನಲ್ಲಿ. ಒಂದೊಂದು ಬಾಲಿಗೆ ಒಂದೊಂದು ಬಲ ಜೇಬಿಗೆ ಹೋಗುತ್ತಿತ್ತು. ಎಡ ಜೇಬು ಖಾಲಿಯಾದರೆ ಓವರು ಮುಗಿಯಿತು.

ಈ ಲೆಕ್ಕ ಒಮ್ಮೆ ಮಾತ್ರ ತಪ್ಪಿತು, ಜಗಳೂರಿನಲ್ಲಿ. ಫೈನಲ್ಲಿನ ಕೊನೆಯ ಓವರು, ಊರೆಲ್ಲ ಉಸಿರು ಬಿಗಿಹಿಡಿದಿದೆ, ಆ ಉದ್ವೇಗದಲ್ಲಿ ಇವನು ತನಗೇ ತಿಳಿಯದೆ ಒಂದು ಅಡಿಕೆ ಬಾಯಿಗೆ ಹಾಕಿಕೊಂಡಿದ್ದಾನೆ. ಎಡ ಜೇಬು ಖಾಲಿ. ಐದೇ ಬಾಲಿಗೆ ಆಟ ಮುಗಿಸಿಬಿಟ್ಟ. ಕೂಗಾಟದಲ್ಲಿ ಯಾರಿಗೂ ಗಮನವಿಲ್ಲ, ಸೋತ ಟೀಮಿಗೂ ಇಲ್ಲ. ಮನೆಗೆ ಬಂದು ಕೋಟು ಬಿಚ್ಚುವಾಗ ಜೇಬಿನಲ್ಲಿ ಐದು, ಬಾಯಲ್ಲಿ ಒಂದರ ಚೂರು. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಜಗಳೂರಿಗೆ ಹೋದ. ಬೌಲರನ್ನು ಗ್ಯಾರೇಜಿನಿಂದ ಎಬ್ಬಿಸಿ, ಬ್ಯಾಟ್ಸ್‌ಮನ್ ಕೊಟ್ರೇಶನನ್ನು ಅವನ ಭಾವನ ಮನೆಯ ಊಟದ ಪಂಕ್ತಿಯಿಂದ ಎಬ್ಬಿಸಿ, ಬಯಲಿಗೆ ಕರೆತಂದು, ವಿಕೆಟ್ಟು ನೆಟ್ಟು, ಕೋಟು ತೊಟ್ಟು, ಉಳಿದ ಒಂದು ಬಾಲು ಹಾಕಿಸಿದ. ಗೆಲ್ಲಲು ಎರಡು ರನ್ನು ಬೇಕಿತ್ತು. ಕೊಟ್ರೇಶ ಬೀಸಿದ, ತಾಗಲಿಲ್ಲ. ಸೋಲು ಸೋಲಾಗಿಯೇ ಉಳಿಯಿತು. "ಸಾರ್, ಇನ್ನಾದ್ರೂ ಊಟಕ್ಕೆ ಹೋಗ್ಲಾ? ಪಾಯಸ ಬಡಿಸಿದ್ರು" ಅಂದನಂತೆ ಕೊಟ್ರೇಶ. ಇವನೂ ಜತೆಗೆ ಹೋಗಿ ಪಾಯಸ ತಿಂದು ಬಂದ.

ಕಳೆದ ವರ್ಷ ದಸರೆಯ ಹೊತ್ತಿಗೆ ಸಕ್ಕರೆ ಕಾಯಿಲೆ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಸಿತು. ಕಿಡ್ನಿಯೂ ಸೋತಿತ್ತು. ವಾರಕ್ಕೆರಡು ಸಲ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಉಳಿದ ದಿನ ಮಂಚ, ಗೋಡೆ, ಕಿಟಕಿ. ನಿಂತೇ ಬದುಕಿದ ಮನುಷ್ಯನನ್ನು ಕೂರಿಸಿದರೆ ಏನಾಗುತ್ತದೆಂಬ ಭಯ ನಮಗೆಲ್ಲ ಇತ್ತು. ನ್ಯಾಮತಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಅವನ ಮಗಳು ಶಿವಲೀಲಾ ದೀಪಾವಳಿಗೆ ಬರುವಾಗ, ಹೊನ್ನಾಳಿಯಲ್ಲಿ ಮುಚ್ಚಿಹೋಗುತ್ತಿದ್ದ ಒಂದು ಗೇಮ್ ಸೆಂಟರಿನಿಂದ ಟಿವಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ತಂದಳು. ಎರಡು ರಿಮೋಟು, ಒಂದು ಕ್ರಿಕೆಟ್ ಆಟ.

"ಅಪ್ಪಾಜಿ, ಬಾಲು ಬ್ಯಾಟಿಗೆ ತಾಗಿದ್ರೆ ರಿಮೋಟು ಕೈಯಾಗೆ ಜುಮ್ ಅಂತೈತೆ. ಈ ಕರೇದು ಹಳೇದು, ಒಂದೊಂದ್ಸಲ ಸುಮ್‌ಸುಮ್ನೆ ನಡುಗ್ತೈತೆ. ಅದು ಗುರುಸ್ವಾಮಿ ಕಾಕಾಗೆ ಇರ್ಲಿ."

"ಮನೆಗೆ ಬಂದೋರಿಗೆ ಕೆಟ್ಟಿದ್ದು ಕೊಡ್ತಾರೇನವ್ವ?" ಅಂದು ಕರಿಯದನ್ನು ಅವನೇ ಇಟ್ಟುಕೊಂಡ.

ಅಂದಿನಿಂದ ಒಂದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ನಾನು ಬೌಲರು, ಅವನು ಬ್ಯಾಟ್ಸ್‌ಮನ್. ಆಡುವಾಗ ಕೋಟು ತೊಡುತ್ತಿದ್ದ. ಟಿವಿಯೇ ಬಾಲು ಎಣಿಸಿದರೂ ಅಡಿಕೆ ಜೇಬಿನಿಂದ ಜೇಬಿಗೆ ಹೋಗುತ್ತಲೇ ಇತ್ತು. ಅವನ ಹೆಂಡತಿ ಪ್ರಮೀಳಾ, "ನೋಡ್ರಿ ಗುರುಸ್ವಾಮಣ್ಣ, ಮದ್ವೆಯಾಗೆ ಸೂಟು ಹಾಕ್ಕಳಾಕೆ ಸೆಕೆ ಅಂದೋರು ಈಗ ಫ್ಯಾನ್ ಕೆಳಗೆ ಕೋಟು ಹಾಕ್ಕಂಡು ಕುಂತಾರೆ" ಎಂದು ನಗುತ್ತಿದ್ದಳು. ಪರದೆಯ ಮೇಲಿನ ಅಂಪೈರನ್ನು ಅವನು 'ನಮ್ಮ ಸಾಹೇಬ್ರು' ಅನ್ನುತ್ತಿದ್ದ. ಸಾಹೇಬರು ಥಟ್ಟನೆ ಬೆರಳೆತ್ತಿದರೆ ಇವನಿಗೆ ಸಂಕಟ. "ಎಷ್ಟು ಅವಸರ ನೋಡು ಇವಂಗೆ, ಲಾಸ್ಟ್ ಬಸ್ ಹಿಡಿಯೋನ ಹಂಗೆ."

ಮೊದಲ ವಾರಗಳಲ್ಲಿ ಅವನು ಹೈಸ್ಕೂಲಿನ ಅದೇ ತಿಪ್ಪೇರುದ್ರಸ್ವಾಮಿ. ಬಂದ ಬಂದ ಬಾಲಿಗೆಲ್ಲ ಔಟು. ಒಂದು ಭಾನುವಾರ ಆಟ ಮುಗಿದ ಮೇಲೆ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಒಂದ್ ನೂರು ಹೊಡೀಬೇಕು ಕಣೋ. ಒಂದೇ. ಎಷ್ಟೊಂದ್ ಜನ ನೂರು ಹೊಡ್ದು ಬ್ಯಾಟ್ ಎತ್ತಿದ್ದನ್ನ ಹತ್ರದಿಂದ ನೋಡೀನಿ. ಒಳಗೆ ಹೆಂಗಾಗ್ತೈತೆ ಅಂತ ಗೊತ್ತಿಲ್ಲ." ಕಿಟಕಿಯ ಕಡೆ ನೋಡಿ, "ಬೆಳಕು ಕಮ್ಮಿ ಆಗ್ತಾ ಐತೆ. ಅಷ್ಟರಾಗೆ" ಅಂದ. ಡಾಕ್ಟರು ಶಿವಲೀಲೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಓದಿನ ಬಲದಿಂದ ಮನುಷ್ಯನ ಬಗ್ಗೆ ಒಂದಿಷ್ಟು ತಿಳಿದಿದೆ ಎಂದುಕೊಂಡಿದ್ದವನು ನಾನು. ಡಯಾಲಿಸಿಸ್ಸಿನ ಸೂಜಿ ಚುಚ್ಚಿ ಚುಚ್ಚಿ ಎಡಗೈ ಗಂಟುಗಟ್ಟಿತ್ತು, ಬೆರಳುಗಳು ಕೆಲವು ದಿನ ಬಾತಿರುತ್ತಿದ್ದವು. ಆ ಕೈ ಕಲಿಯತೊಡಗಿತು. ಕಲಿತದ್ದು ಎಲ್ಲಿಂದ ಎಂದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಬಾಲನ್ನು ಮೆಲ್ಲಗೆ ಕವರಿನ ಕಡೆ ತಳ್ಳಿ, "ಇದು ಹೊನ್ನಾಳಿ ವಿನಯ್ ಕುಮಾರಂದು" ಅನ್ನುತ್ತಿದ್ದ. ಪರದೆಯ ಆಟಗಾರನನ್ನು ಮಂಡಿಯೂರಿಸಿ ಲೆಗ್ಗಿಗೆ ಎಳೆದು, "ಕೆರೆಬಿಳಚಿಯಾಗೆ ಒಬ್ಬ ಮೇಸ್ಟ್ರು ಹಿಂಗೇ ಹೊಡಿತಿದ್ರು, ಪಂಚೆ ಕಟ್ಕಂಡು" ಅನ್ನುತ್ತಿದ್ದ. ಯಾರದೆಂದು ಮರೆತ ಹೊಡೆತ ಒಂದೂ ಇರಲಿಲ್ಲ. ನಲವತ್ತು ವರ್ಷ ಬಿಸಿಲಲ್ಲಿ ಸುಮ್ಮನೆ ನಿಂತಿದ್ದಾನೆಂದು ನಾವು ತಿಳಿದಿದ್ದ ಹೊತ್ತೆಲ್ಲ ಅವನು ಒಂದು ಸೀಮೆಯ ಆಟವನ್ನು ಒಳಗೆ ಇಳಿಸಿಕೊಂಡಿದ್ದ. ಈಗ ಒಂದು ಕಾಲಿಲ್ಲದೆ, ಮಂಚದ ಮೇಲೆ ಕೂತು, ಒಬ್ಬೊಬ್ಬರದನ್ನೇ ಹೊರತೆಗೆದು ಆಡುತ್ತಿದ್ದ. ನಾನು ಸಡಿಲವಾಗಿ ಬಾಲು ಹಾಕಿದೆನೆಂಬ ಗುಮಾನಿ ಬಂದರೆ ಮಾತ್ರ ರಿಮೋಟು ಕೆಳಗಿಡುತ್ತಿದ್ದ. "ಕರುಣೆ ಬಾಲ್ ಹಾಕಬ್ಯಾಡ. ಹಾಕೋದಾದ್ರೆ ಎದ್ದು ಮನಿಗೆ ಹೋಗು."

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ಅವನು ತೊಂಬತ್ತೆಂಟಕ್ಕೆ ಬಂದ. ಪ್ರಮೀಳಾ ಅಕ್ಕಿ ಆರಿಸುತ್ತಿದ್ದ ಮೊರ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಶಿವಲೀಲಾ ನೆಲದ ಮೇಲೆ ಕೂತು ಅಪ್ಪನ ಮಂಚದ ಕಾಲು ಹಿಡಿದುಕೊಂಡಿದ್ದಳು. ನಾನು ಹಾಕಿದ ಬಾಲು ಆಫ್ ಸ್ಟಂಪಿನ ಹೊರಗೆ ಬಿದ್ದು, ಅವನು ಚಾಚಿದ ಬ್ಯಾಟಿನ ಪಕ್ಕದಲ್ಲೇ ಹಾದು ಕೀಪರಿನ ಕೈ ಸೇರಿತು. ಪರದೆಯ ಮೇಲೆ ನನ್ನ ಹನ್ನೊಂದು ಜನರೂ ಕೂಗಿದರು. ಸಾಹೇಬರು ತಲೆ ಅಲ್ಲಾಡಿಸಿದರು: ನಾಟ್ ಔಟ್. ನಮ್ಮ ಮೂವರಿಗೂ ಹೋದ ಜೀವ ಬಂತು.

ಅವನು ರಿಮೋಟನ್ನು ತೊಡೆಯ ಮೇಲಿಟ್ಟ. ಕೋಟಿನ ಜೇಬಿನಲ್ಲಿ ಕೈ. ಟಿವಿಯ ಕೆಳಗೆ ಎಲ್ಲೋ ನೋಟ. ಆಮೇಲೆ ಬಲಗೈ ಹೊರಬಂತು. ತೋರುಬೆರಳು ನೆಟ್ಟಗಾಗಿ, ನಿಧಾನವಾಗಿ, ಕಿವಿಯ ಮಟ್ಟಕ್ಕೆ ಬಂದು ನಿಂತಿತು.

"ತಾಗ್ತು" ಅಂದ.

"ಏನ್ ತಾಗ್ತು? ಸಾಹೇಬ್ರು ನಾಟ್ ಔಟ್ ಕೊಟ್ಟಾರೆ, ಕಾಣ್ಸಲ್ವಾ?"

"ಅವ್ರಿಗೆ ಕೇಳ್ಸಿಲ್ಲ. ನನ್ನ ಕೈಗೆ ಗೊತ್ತಾತು."

"ಅದು ಹಳೇ ರಿಮೋಟು ಕಣೋ! ಸುಮ್‌ಸುಮ್ನೆ ನಡುಗ್ತೈತೆ ಅಂತ ನಿನ್ನ ಮಗಳೇ ಹೇಳಿಲ್ವಾ? ಡೌಟ್ ಇದ್ರೆ ಬ್ಯಾಟ್ಸ್‌ಮನ್ ಕಡೆಗೆ ಅಂತ ನಲವತ್ತು ವರ್ಷ ಊರೋರಿಗೆಲ್ಲ ಹೇಳ್ದೋನು ನೀನು."

ಅವನು ನನ್ನ ಕಡೆ ತಿರುಗಿದ. ಕೋಪವಿರಲಿಲ್ಲ, ಪಾಠ ಅರ್ಥವಾಗದ ಹುಡುಗನನ್ನು ನೋಡುವ ನೋಟ. "ಹೌದು, ಡೌಟ್ ಅಂಪೈರ್‌ಗೆ ಇರ್ತೈತೆ. ಈಗ ನಾನು ಬ್ಯಾಟ್ಸ್‌ಮನ್ ಅಲ್ವೇನೋ? ನಂಗೆ ಡೌಟ್ ಇಲ್ಲ. ನೇರ ಹಾಕು."

ನಾನು ಬೇಕೆಂದೇ ದೂರ ಹಾಕಿದೆ. ವೈಡು. "ಕರುಣೆ ಬಾಲ್" ಅಂದ, ಮೆಲ್ಲಗೆ. ಆ ಬಾಲಿಗೆ ಅಡಿಕೆ ಜೇಬು ಬದಲಿಸಲಿಲ್ಲ. ಮತ್ತೆ ನೇರ ಹಾಕಿದೆ. ಅವನು ಒಂದೂ ಗುಂಡಿ ಒತ್ತಲಿಲ್ಲ. ಪರದೆಯಲ್ಲಿ ಮಧ್ಯದ ಸ್ಟಂಪು ಉರುಳಿತು.

"ಅಪ್ಪಾಜಿ! ಎರಡೇ ಬೇಕಿತ್ತಲ್ರೀ, ಎರಡೇ!" ಶಿವಲೀಲಾ ಮಂಚದ ಕಾಲಿಗೆ ಹಣೆ ಇಟ್ಟು ಅತ್ತಳು. ಪ್ರಮೀಳಾ ಮೊರ ಕುಕ್ಕಿದಳು. "ಊರೋರ ಮಕ್ಕಳಿಗೆಲ್ಲ ಬೆರಳು ತೋರ್ಸಿದ್ದು ಸಾಲ್ದಾಗಿತ್ತೇನೋ ಇವ್ರಿಗೆ!" ಅವನು ಕೋಟು ಬಿಚ್ಚಿ, ಮಡಿಸಿ, ದಿಂಬಿನ ಪಕ್ಕ ಇಟ್ಟ. "ಚಾ ಮಾಡೇ ಪ್ರಮೀಳಾ. ಚೆನ್ನಾಗಿ ಆಡ್ದೆ ಇವತ್ತು" ಅಂದ. ಆ ಮುಖದಲ್ಲಿ ನಷ್ಟದ ಗುರುತು ಹುಡುಕಿ ನಾನು ಸೋತೆ. ಅಲ್ಲಿದ್ದದ್ದು ಬ್ಯಾಟು ಎತ್ತಿದವರ ಮುಖದಲ್ಲಿ ನಾನು ಕಂಡಿದ್ದ ಬೆಳಕು.

ಮುಂದೆ ಅವನು ಐವತ್ತನ್ನೂ ಮುಟ್ಟಲಿಲ್ಲ. ಬೆರಳುಗಳು ಗುಂಡಿ ಒತ್ತಲಾರದಾದವು. ದೀಪಾವಳಿಗೆ ನಾಲ್ಕು ದಿನ ಇರುವಾಗ ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಮಣ್ಣಿಗೆ ಬಂದವರನ್ನು ನೋಡಿ ಬೀದಿಯವರು ಬೆರಗಾದರು. ಹೊನ್ನಾಳಿಯಿಂದ, ನ್ಯಾಮತಿಯಿಂದ, ಜಗಳೂರಿನಿಂದ ಬೈಕಿನಲ್ಲಿ, ಟೆಂಪೋದಲ್ಲಿ ಗಂಡಸರು ಬರುತ್ತಲೇ ಇದ್ದರು. ಎಲ್ಲರೂ ಅವನಿಂದ ಒಂದಲ್ಲ ಒಂದು ಸಲ ಔಟಾದವರು. ಜಗುಲಿಯ ಮೇಲೆ ಅದೇ ಮಾತು.

"ನಂಗೆ ಎಲ್‌ಬಿ ಕೊಟ್ಟಿದ್ರು. ಬಾಲು ಲೆಗ್ಗಿಗೆ ಹೋಗ್ತಿತ್ತು, ಈಗ್ಲೂ ಹೇಳ್ತೀನಿ."

"ಎಲ್ಲಿ ಹೋಗ್ತಿತ್ತಲೇ? ನಿನ್ನ ಹೊಟ್ಟೆ ಅಡ್ಡ ಇರ್ದಿದ್ರೆ ಮೂರೂ ಸ್ಟಂಪು ಹಾರ್ತಿದ್ವು."

ಅಳುವ ಮನೆಯಲ್ಲಿ ನಗು ಬಂತು. ಪ್ರಮೀಳಾ ಕೂಡ ಸೆರಗು ಬಾಯಿಗಿಟ್ಟು ನಕ್ಕಳು. ಕೊಟ್ರೇಶ ಮೂಲೆಯಲ್ಲಿ ನಿಂತಿದ್ದ. ತಲೆ ನರೆತಿತ್ತು. "ನನ್ನ ಹುಡಿಕ್ಕೊಂಡು ಬಂದ್ರಲ್ಲ ಸಾರ್, ಒಂದ್ ಬಾಲಿಗೆ. ನನ್ನ ಜೀವಮಾನದಾಗೆ ಯಾರೂ ಹಂಗೆ ಬಂದಿಲ್ಲ" ಅಂದ.

ಕರಿಯ ರಿಮೋಟನ್ನು ಶಿವಲೀಲಾ ನನಗೆ ಕೊಟ್ಟಳು. ಪುಸ್ತಕಗಳ ನಡುವೆ ಇಟ್ಟಿದ್ದೇನೆ. ಅವರ ಮನೆಗೆ ಹೋಗಿ, ಟಿವಿಗೆ ಜೋಡಿಸಿ, ಕೈಯಲ್ಲಿ ಹಿಡಿದು ಕೂತರೆ ಅದು ಸುಮ್ಮಸುಮ್ಮನೆ ನಡುಗುತ್ತದೋ ಇಲ್ಲವೋ, ಅಂದು ಅವನು ನಿಜಕ್ಕೂ ಔಟಾಗಿದ್ದನೋ ಇಲ್ಲವೋ, ಒಂದು ಮಧ್ಯಾಹ್ನದಲ್ಲಿ ಅಂದಾಜು ಸಿಗಬಹುದು. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ತೀರ್ಪು ಕೊಟ್ಟಾಗಿದೆ, ಕೊಟ್ಟವನು ಅದರ ಬೆಲೆಯನ್ನು ತಾನೇ ತೆತ್ತಿದ್ದಾನೆ.

ಪ್ರತಿ ಊರಿನ ಬಯಲಿನಲ್ಲೂ ಇಂಥವರೊಬ್ಬರು ನಿಂತಿರುತ್ತಾರೆ. ಬ್ಯಾಟಿಲ್ಲ, ಬಾಲಿಲ್ಲ, ಕಪ್ಪಿನ ಮೇಲೆ ಹೆಸರಿಲ್ಲ. ಬೇರೆಯವರ ಆಟದಲ್ಲಿ ಬೇರೆಯವರ ಅದೃಷ್ಟವನ್ನು ಒಂದು ಬೆರಳಿನಿಂದ ಮುಗಿಸುವವರೆಂದು ನಾವು ಅವರನ್ನು ಬೈಯುತ್ತೇವೆ, ಆಟ ಮುಗಿದೊಡನೆ ಮರೆಯುತ್ತೇವೆ. ಅವರ ಬೆರಳು ಯಾಕೆ ಅಷ್ಟು ನಿಧಾನವಾಗಿ ಏಳುತ್ತದೆಂದು ನನಗೆ ತಿಳಿದದ್ದು ಗೆಳೆಯನೊಬ್ಬ ಒಂದು ವರ್ಷ ವೀಡಿಯೋ ಗೇಮ್ ಆಡಿದ ಮೇಲೆ. ಅಂಥವರು ಇನ್ನೊಬ್ಬನಿಗೆ ಎತ್ತುವ ಮೊದಲು ಆ ಬೆರಳನ್ನು ಪ್ರತಿಸಲವೂ ಒಳಗೊಳಗೇ ತಮ್ಮ ಕಡೆಗೆ ಎತ್ತಿ ನೋಡಿಕೊಳ್ಳುತ್ತಾರೆ. ಅದಕ್ಕೆ ಅಷ್ಟು ಹೊತ್ತು ಬೇಕು.