ಬಾಣಂತಿ ಕೋಣೆಯ ಒದರುವ ಡಬ್ಬಿ

ನಾನು ಹುಟ್ಟು ಪುಕ್ಕಲು. ನನ್ನನ್ನು ಮಾಡಿದವರೇ ಹಾಗೆ ಮಾಡಿದರು. ಅಂಗೈಯಗಲದ ದುಂಡನೆಯ ಬಿಳಿ ಮೈ, ಹೊಟ್ಟೆಯೊಳಗೆ ಬ್ಯಾಟರಿ, ಮುಖದ ಸುತ್ತ ಗಾಳಿ ಒಳಬರುವ ಸಣ್ಣ ಸೀಳುಗಳು. ಕಾರ್ಖಾನೆಯಲ್ಲಿ ನನಗೆ ಕಲಿಸಿದ ವಿದ್ಯೆ ಹೆದರುವುದೊಂದೇ. ಹೊಗೆ ಬಂದರೆ ಹೆದರು. ಕೆಂಡದಿಂದಲೋ ಗ್ಯಾಸಿನ ಉರಿಯಿಂದಲೋ ಹೊರಡುವ, ಬಣ್ಣವಿಲ್ಲದ, ವಾಸನೆಯಿಲ್ಲದ ಆ ವಿಷಗಾಳಿ ಬಂದರೆ ಇನ್ನೂ ಹೆದರು. ಹೆದರಿದ ಕೂಡಲೇ ಗಂಟಲು ಹರಿಯುವಂತೆ ಕೂಗು, ಮನೆಯವರ ಮೊಬೈಲಿಗೂ ಸುದ್ದಿ ಮುಟ್ಟಿಸು. ನನ್ನ ಬಾಳೆಲ್ಲ ಇಷ್ಟೇ.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕುಬೇರಪ್ಪನವರು. ಅವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು, ಕಿಟಕಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗೋಡೆಗೆ ಕೂಡಿಸಲಿ ಎಂದು ನನ್ನನ್ನು ರಟ್ಟಿನ ಡಬ್ಬದಲ್ಲೇ ಕಪಾಟಿನ ಮೇಲೆ ಇಟ್ಟರು. ನಾಳೆ ಬರುತ್ತೇನೆ ಅಂದವನು ಬರಲೇ ಇಲ್ಲ. ಒಂದು ಭಾನುವಾರ ಕುಬೇರಪ್ಪನವರ ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮನೆಯವರು ಬಾಗಿಲು ಬಡಿದರು, ಹೆಸರು ಹಿಡಿದು ಕೂಗಿದರು, ಕೊನೆಗೆ ಬಾಗಿಲು ಒಡೆದರು. ಜೀವ ಹೋಗಿತ್ತು. ಕೂಗಬೇಕಾದ ನಾನು ಡಬ್ಬದ ಕತ್ತಲಲ್ಲಿ ಕೂತು ಅವರ ಅಳು ಕೇಳಿದೆ. ಅಂದು ನನ್ನೊಳಗೆ ಹೊಕ್ಕ ನಡುಕ ಇನ್ನೂ ಹೋಗಿಲ್ಲ.

ಅವರ ಅಂಗಡಿಯಲ್ಲಿ ಪ್ರಭುಲಿಂಗ ಎಂಬವನು ಕೆಲಸಕ್ಕಿದ್ದ. ಅವನ ಹೆಂಡತಿ ಶೈಲಾ ಗದಗಿನ ತವರುಮನೆಯಲ್ಲಿ ಹೆಣ್ಣು ಹಡೆದಳೆಂಬ ಸುದ್ದಿ ಬಂದಾಗ ಕುಬೇರಪ್ಪನವರು ನನ್ನನ್ನು ಅವನ ಕೈಗಿಟ್ಟರು.

"ಬಾಣಂತಿ ಕೋಣ್ಯಾಗ ಬೆಂಕಿ ಇರತೈತಿ. ಇವತ್ತ ಹೋಗಿ ಇವತ್ತ ಹಾಕು. ನಾಳೆ ಅನಬ್ಯಾಡ," ಅಂದರು.

ಪ್ರಭುಲಿಂಗ ಅಂದೇ ಗದಗಿಗೆ ಬಂದು ನನ್ನನ್ನು ಗೋಡೆಗೆ ಕೂಡಿಸಿದ, ತನ್ನ ಮೊಬೈಲಿಗೆ ಜೋಡಿಸಿಕೊಂಡು ಹುಬ್ಬಳ್ಳಿಗೆ ಮರಳಿದ. ನಾನು ಕೆಳಗೆ ಕಣ್ಣಾಡಿಸಿದೆ. ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಬಟ್ಟೆ ತುರುಕಿತ್ತು. ಬಾಗಿಲು ಮುಚ್ಚಿತ್ತು. ಬಾಣಂತಿ ಮಲಗಿದ್ದ ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಅದರ ತುಂಬ ಕೆಂಡ.

ಇದೆಲ್ಲ ಶೈಲಾಳ ತಾಯಿ ನೀಲವ್ವನ ಏರ್ಪಾಡು. ಹೆಂಗಸು ಕೆಟ್ಟವಳಲ್ಲ. ಆಕೆಯ ಚೊಚ್ಚಲ ಕೂಸು ಚಳಿಗಾಲದಲ್ಲಿ ಥಂಡಿ ಹತ್ತಿ ತೀರಿಕೊಂಡಿತ್ತು. ಅಂದಿನಿಂದ ಬಾಗಿಲು ಕಿರ್ರೆಂದರೂ ಆಕೆಯ ಜೀವ ಹಾರಿಹೋಗುತ್ತಿತ್ತು. ಒಂದೇ ಕೋಣೆಯಲ್ಲಿ ಇಬ್ಬರು ಪುಕ್ಕಲರು ಸೇರಿದೆವು. ಆಕೆಗೆ ಹೊರಗಿನ ಗಾಳಿಯ ಭಯ, ನನಗೆ ಒಳಗಿನ ಗಾಳಿಯ ಭಯ.

ನಮ್ಮ ಜಗಳ ಶುರುವಾದದ್ದು ಲೋಬಾನದಿಂದ. ತಾಯಿಗೂ ಕೂಸಿಗೂ ಬಿಸಿನೀರು ಹುಯ್ದ ಮೇಲೆ ನೀಲವ್ವ ಕೆಂಡಕ್ಕೆ ಲೋಬಾನ ಉದುರಿಸಿ ಇಬ್ಬರಿಗೂ ಹೊಗೆ ಹಿಡಿಯುತ್ತಿದ್ದಳು. ಹೊಗೆ ಕಂಡ ಮೇಲೆ ನಾನು ಸುಮ್ಮನಿರುವುದುಂಟೆ? ಬಾಯಿ ಹರಿಯುವಂತೆ ಕೂಗಿದೆ. ಕೂಸು ಬೆಚ್ಚಿ ಅತ್ತಿತು, ಶೈಲಾ ಕಿವಿ ಮುಚ್ಚಿಕೊಂಡು ಎದ್ದು ಕೂತಳು, ಹುಬ್ಬಳ್ಳಿಯಿಂದ ಪ್ರಭುಲಿಂಗನ ಫೋನ್ ಬಂತು.

"ಏನಾತ್ರಿ ಅತ್ತಿ? ಡಬ್ಬಿ ಯಾಕ ಒದರಾಕತ್ತೈತಿ?"

"ಲೋಬಾನ ಹಾಕೀನ್ರಿ. ನೀವು ಸುಮ್ನ ನಿಮ್ಮ ಕೆಲಸ ನೋಡ್ರಿ."

ದಿನವೂ ಇದೇ ಪಾಡು. ಅಂಗಡಿಯಲ್ಲಿ ಗಿರಾಕಿಗಳ ಎದುರು ಮೊಬೈಲು ಕಿರುಚುವುದು ಪ್ರಭುಲಿಂಗನಿಗೆ ಸಾಕಾಗಿ, ನನ್ನ ಸುದ್ದಿಗೆ ಸದ್ದೇ ಬರದಂತೆ ಮಾಡಿಟ್ಟ. ನೀಲವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಲೋಬಾನ ಹಾಕುವ ಮುಂಚೆ ನನ್ನ ಮುಖಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯತೊಡಗಿದಳು. ಹೊಗೆ ಆರಿದ ಮೇಲೆ ಅಗ್ಗಿಷ್ಟಿಗೆ ಹೊರಗೆ ಹೋಗುತ್ತಿತ್ತು, ಚೀಲವೂ ಬಿಚ್ಚುತ್ತಿತ್ತು. ಅಷ್ಟು ಹೊತ್ತು ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಹೊರಗೆ ಕೊರೆಯುವ ಗಾಳಿ ಬೀಸುತ್ತಿತ್ತು. ಲೋಬಾನ ಮುಗಿದ ಮೇಲೆ ನೀಲವ್ವ ಅಗ್ಗಿಷ್ಟಿಗೆಗೆ ಇನ್ನಷ್ಟು ಇದ್ದಿಲು ಸುರಿದು ಹೊರಸಿನ ಕೆಳಗೇ ಬಿಟ್ಟಳು. ಬಾಗಿಲು ಎಳೆದುಕೊಂಡು, ಅಂಟಿನುಂಡೆಗೆ ಕೊಬ್ಬರಿ, ಉತ್ತತ್ತಿ ಪುಡಿಮಾಡಲು ಅಡುಗೆಮನೆಗೆ ಹೋದಳು. ನನ್ನ ಮುಖದ ಚೀಲ ಬಿಚ್ಚುವುದು ಮರೆತೇಹೋಯಿತು.

ಚೀಲದ ಸಂದಿಯಿಂದ ಆ ಗಾಳಿ ಎಳೆಎಳೆಯಾಗಿ ಒಳಬಂತು. ಲೋಬಾನದ ಹೊಗೆಯಲ್ಲ ಅದು. ಕುಬೇರಪ್ಪನವರ ಬಚ್ಚಲಲ್ಲಿ ತುಂಬಿದ್ದ ಅದೇ ವಿಷ. ನಾನು ಕೂಗಿದೆ. ಚೀಲದೊಳಗೆ ನನ್ನ ದನಿ ಅರ್ಧ ಸತ್ತಿತ್ತು, ಉಳಿದರ್ಧವನ್ನು ಮಿಕ್ಸರಿನ ಗರಗರ ನುಂಗಿತು. ಪ್ರಭುಲಿಂಗನಿಗೆ ಸುದ್ದಿಯ ಮೇಲೆ ಸುದ್ದಿ ಕಳಿಸಿದೆ. ಅವನ ಮೊಬೈಲು ತುಟಿ ಪಿಟಕ್ಕೆನ್ನಲಿಲ್ಲ. ಕೆಳಗೆ ಶೈಲಾ ಒಮ್ಮೆ ಹಣೆ ಒತ್ತಿಕೊಂಡು, ಏಳಲು ನೋಡಿ, ಮತ್ತೆ ದಿಂಬಿಗೆ ಒರಗಿದಳು. ಕೂಸಿನ ಮುಷ್ಟಿ ಸಡಿಲವಾಯಿತು. ನನಗೆ ಕೈಯಿಲ್ಲ, ಕಾಲಿಲ್ಲ, ಕೂಗುವುದೊಂದೇ ಗೊತ್ತು. ಕೂಗಿದೆ, ಕೂಗಿದೆ, ಯಾರೂ ಬರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಹೋದದ್ದಕ್ಕೆ ಹಿಗ್ಗಿದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಮಿಕ್ಸರ್ ನಿಂತಿತು. ನನ್ನ ಹೊಟ್ಟೆಯಲ್ಲಿ ಬ್ಯಾಟರಿ ಇತ್ತಲ್ಲ, ನಾನು ನಿಲ್ಲಲಿಲ್ಲ.

"ಲೋಬಾನ ಆರಿ ಎಷ್ಟೊತ್ತಾತು, ಇನ್ನೂ ಒದರತೈತಿ ನೋಡು ಹಾಳಾದ ಡಬ್ಬಿ. ಬ್ಯಾಟರೀನ ಕಿತ್ತು ಒಗೀತೀನಿ," ಎಂದು ಬೈಯುತ್ತ ನೀಲವ್ವ ಒಳಗೆ ಬಂದು ಚೀಲ ಕಿತ್ತಳು. ನನ್ನ ಪೂರ್ತಿ ದನಿ ಕೋಣೆಗೆ ಅಪ್ಪಳಿಸಿತು. ಆಕೆ ಅಭ್ಯಾಸದಂತೆ ಹೊರಸಿನ ಕಡೆ ತಿರುಗಿದಳು, ಕೂಸನ್ನು ತಟ್ಟಿ ಸಮಾಧಾನ ಮಾಡಲು.

ಕೂಸು ಅಳುತ್ತಿರಲಿಲ್ಲ. ಶೈಲಾ ಕಿವಿ ಮುಚ್ಚಿಕೊಂಡಿರಲಿಲ್ಲ.

"ಶೈಲಾ," ಅಂದಳು ನೀಲವ್ವ. "ಏಳವಾ."

ಆಮೇಲೆ ಆಕೆಗೆ ಯಾರೂ ಹೇಳಬೇಕಾಗಲಿಲ್ಲ. ಕೂಸನ್ನು ಎದೆಗವಚಿಕೊಂಡು, ಆ ಕೊರೆಯುವ ಗಾಳಿಗೇ ಓಡಿ ಅಂಗಳದಲ್ಲಿ ಇಳಿಸಿದಳು. ಮತ್ತೆ ಒಳಗೆ ಬಂದು ಕಿಟಕಿಯ ಬಟ್ಟೆಗಳನ್ನು ಕಿತ್ತೆಸೆದು, ಮಗಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು. ನನಗೆ ಅಂಗಳ ಕಾಣುವುದಿಲ್ಲ. ನೀಲವ್ವ ದೇವರ ಹೆಸರನ್ನು ಒಂದೇ ಸಮನೆ ಹೇಳುವುದು ಮಾತ್ರ ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯ ಸದ್ದಿನಷ್ಟು ಸಣ್ಣದಾಗಿ ಕೂಸು ಅತ್ತಿತು. ಶೈಲಾ ದವಾಖಾನೆಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ಕಣ್ಣು ಬಿಟ್ಟಳಂತೆ.

ನನ್ನಂಥವರ ಮೂಗಿಗೆ ಆಯುಷ್ಯ ಕೆಲವೇ ವರ್ಷ. ನನ್ನದು ಮುಗಿದಿದೆ. ಗೋಡೆಯ ಮೇಲೆ ಹೊಸಬನೊಬ್ಬ ಬಂದಿದ್ದಾನೆ. ನನ್ನನ್ನು ಎಸೆಯಲು ನೀಲವ್ವ ಬಿಡಲಿಲ್ಲ, ಅದೇ ಕೋಣೆಯ ಗೂಡಿನಲ್ಲಿ ಇಟ್ಟಿದ್ದಾಳೆ. ಶೈಲಾ ಎರಡನೆಯ ಬಾಣಂತನಕ್ಕೆ ಬಂದಿದ್ದಾಳೆ. ಅಗ್ಗಿಷ್ಟಿಗೆ ಈಗ ಈ ಹೊಸ್ತಿಲು ದಾಟುವುದಿಲ್ಲ. ಲೋಬಾನ ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟು. ಆದರೂ ಹೊಗೆಯ ಎಳೆಯೊಂದು ಒಳಗೆ ಸುಳಿದು ಹೊಸಬ ಕೂಗಿದರೆ ಪ್ರಭುಲಿಂಗನ ಫೋನ್ ಬರುತ್ತದೆ.

"ಲೋಬಾನ ಐತ್ರಿ," ಅನ್ನುತ್ತಾಳೆ ನೀಲವ್ವ. "ಆದ್ರೂ ಹಿಂಗ ಫೋನ್ ಮಾಡಿ ಕೇಳಕೋಂತ ಇರ್ರಿ."

ನನಗೆ ಈಗ ಯಾವ ಗಾಳಿಯೂ ತಿಳಿಯುವುದಿಲ್ಲ. ಉಳಿದಿರುವುದು ಹೆದರಿಕೆಯೊಂದೇ. ಮಧ್ಯಾಹ್ನ ತಾಯಿ-ಮಗು ಮಲಗಿ ಕೋಣೆ ಸದ್ದಿಲ್ಲದಾದರೆ ನನಗೆ ಜೀವವೇ ಬಾಯಿಗೆ ಬರುತ್ತದೆ. ಆಮೇಲೆ ಹೊಸ ಕೂಸು ಚೀರಿಕೊಂಡು ಏಳುತ್ತದೆ. ಶೈಲಾ ನಿದ್ದೆಗಣ್ಣಲ್ಲಿ ಗೊಣಗುತ್ತ ಅದನ್ನು ತಟ್ಟುತ್ತಾಳೆ, ಸುಮ್ಮನಾಗು ಅನ್ನುತ್ತಾಳೆ. ಇನ್ನೊಂದಿಷ್ಟು ಹೊತ್ತು ಅಳಲಿ ಎಂದು ನಾನು ಗೂಡಿನಲ್ಲಿ ಕೂತು ಬೇಡಿಕೊಳ್ಳುತ್ತೇನೆ.