ತೂತು ಬಿದ್ದ ಮೂರು ಬೀಜ

ಗುರುಲಿಂಗ ಮೂರನೆಯ ಸಲ ಗುದ್ದಲಿ ಎತ್ತಿದಾಗ ಅದರ ಕಾವನ್ನು ಹಿಂದಿನಿಂದ ಯಾರೋ ಹಿಡಿದರು. ತಿರುಗಿ ನೋಡಿದರೆ ಇದ್ದಿಲು ಸುಡುವ ಮುರ್ತುಜಾ. ಬೈಕನ್ನು ರಸ್ತೆಯ ಮೇಲೆ ಹಾಗೇ ಬಿಟ್ಟು ಓಡಿ ಬಂದಿದ್ದ. ಅರವತ್ತು ದಾಟಿದ ಎದೆ ಏದುಸಿರು ಬಿಡುತ್ತಿತ್ತು.

"ಇಲ್ಲಿ ತೋಡಬ್ಯಾಡ ಗುರು. ನಿಮ್ಮವ್ವನ ಜಾಗಾ ಇದಲ್ಲ."

"ಬಾಜೂಕ ನಮ್ಮಪ್ಪ ಅದಾನಲ್ಲ ಕಾಕಾ. ಮತ್ತೆಲ್ಲಿ ತೋಡ್ಲಿ?"

"ಹಳ್ಳದ ದಂಡೀಗಿ. ನಿಮ್ಮ ಮುತ್ಯಾ, ಆಯಿ ಎಲ್ಲಾರೂ ಮಲಗ್ಯಾರಲ್ಲ, ಅಲ್ಲಿ."

"ಆ ಜಾಲ್ಯಾಗ? ಚಟ್ಟ ಹೊತ್ತೋರು ನಡೀತಾರ ಅಲ್ಲಿ?"

"ನೀ ಯಾವಾಗ ಹೋಗಿ ನೋಡಿದ್ದಿ?"

ಗುರುಲಿಂಗ ಗುದ್ದಲಿ ಕೆಳಗಿಳಿಸಿದ. ಅಫಜಲಪುರದಲ್ಲಿ ಟಂಟಂ ಆಟೋ ಓಡಿಸುವ ಅವನು ಚೌಡಾಪುರದಿಂದ ನಾಲ್ಕು ಮೈಲಿ ಒಳಗಿರುವ ಈ ಊರಿಗೆ ಬಂದರೆ ಮನೆ ಬಿಟ್ಟು ಕದಲುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದ ಅವ್ವ ನಿಂಬೆವ್ವ ಮತ್ತೆ ಏಳಲಿಲ್ಲ ಎಂದು ತಂಗಿ ಜಯಮಾಲಾ ಫೋನು ಮಾಡಿದಾಗಲೂ, ಬಂದವನೇ ಗುದ್ದಲಿ ತೆಗೆದುಕೊಂಡು ನೇರ ಈ ರಸ್ತೆ ಪಕ್ಕಕ್ಕೆ ಬಂದಿದ್ದ.

"ಒಂದು ಸಲ ನೋಡಿ ಬರೂಣ. ಆಮ್ಯಾಲ ನಿನ್ನ ಮರ್ಜಿ," ಎಂದು ಮುರ್ತುಜಾ ಬೈಕು ಎತ್ತಿದ.

ತೊಗರಿ ಹೊಲಗಳನ್ನು ದಾಟಿ ಬೈಕು ತಗ್ಗಿಗೆ ಇಳಿಯಿತು. ಗುರುಲಿಂಗ ಕಣ್ಣು ಕಿರಿದು ಮಾಡಿ ನೋಡಿದ. ದಾರಿ ಎರಡು ಎತ್ತಿನಗಾಡಿ ಹೋಗುವಷ್ಟು ಅಗಲವಾಗಿತ್ತು. ಎರಡೂ ಕಡೆ ಮೊಣಕಾಲೆತ್ತರದ ಹುಲ್ಲು. ಅಲ್ಲೊಂದು ಇಲ್ಲೊಂದು ಹಳೆಯ ಬಳ್ಳಾರಿ ಜಾಲಿ ನಿಂತಿತ್ತು, ಅಷ್ಟೇ. ತಗ್ಗಿನ ಕೊನೆಗೆ ಅಪ್ಪನ ಅಪ್ಪ ಮುತ್ಯಾನ ಗದ್ದುಗೆಯ ಕಲ್ಲು, ಅದರಾಚೆ ಅಜ್ಜಿ ಆಯಿಯದು, ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು.

ಮುರ್ತುಜಾ ಒಂದು ಮರದ ಕೆಳಗೆ ಬಿದ್ದಿದ್ದ ಹಳದಿ ಕಾಯಿ ಆರಿಸಿ ಗುರುಲಿಂಗನ ಕೈಗಿಟ್ಟ. ಕಾಯಿಯ ಮೈತುಂಬ ಸೂಜಿಯಲ್ಲಿ ಕೊರೆದಂಥ ದುಂಡನೆಯ ತೂತುಗಳು.

"ಮುರಿ. ಒಳಗ ಬೀಜ ಇರಂಗಿಲ್ಲ, ಬರೇ ಹೊಟ್ಟು. ಮೊದಲು ಒಂದು ಕಡದ್ರ ಹತ್ತು ಹುಟ್ತಿದ್ದವು. ಈಗ ಬೇರು ಸಮೇತ ಕಿತ್ತಿದ್ದು ಕಿತ್ತಂಗೇ ಅದ. ನಿಮ್ಮವ್ವನ ಹುಳ ಮಾಡಿದ ಕೆಲಸ ಇದು."

ಗುರುಲಿಂಗ ಕಾಯಿಯನ್ನು ಮುರಿಯಲಿಲ್ಲ. ಮುತ್ಯಾನ ಕಲ್ಲಿನ ತನಕ ನಡೆದು ಹೋಗಿ, ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

*

ಹದಿನಾರು ವರ್ಷಗಳ ಹಿಂದೆ ಅಪ್ಪ ಭೀಮಶಾ ತೀರಿಕೊಂಡಾಗ ಊರಿನವರು ಇದೇ ತಗ್ಗಿಗೆ ಚಟ್ಟ ಇಳಿಸಲು ನೋಡಿದ್ದರು. ಮುಂದೆ ನಾಲ್ವರು ಕೊಡಲಿ ಹಿಡಿದು ದಾರಿ ಬಿಡಿಸುತ್ತ ನಡೆದರು. ಎರಡು ತಾಸು ಕಡಿದರೂ ಐವತ್ತು ಮಾರು ಸಾಗಲಿಲ್ಲ. ಮುಳ್ಳು ಸಿಕ್ಕಿ ಹೊದಿಸಿದ ಬಟ್ಟೆ ಹರಿಯಿತು. ಭೀಮಶಾನ ಗಲ್ಲಕ್ಕೆ ಒಂದು ಕೊಂಬೆ ಬಡಿದು ಗೀರಿತು. ರಕ್ತ ಬರಲಿಲ್ಲ. ಅದನ್ನು ಕಂಡು ನಿಂಬೆವ್ವ ಮೊದಲ ಸಲ ಕೂಗಿದಳು.

"ಸಾಕ್ರಪ್ಪೋ. ಸತ್ತ ಮ್ಯಾಲಾದ್ರೂ ಅವಂಗ ನೋಯಿಸಬ್ಯಾಡ್ರಿ. ಹೊಳ್ಳಸ್ರಿ."

ಚಟ್ಟ ಹಿಂದಕ್ಕೆ ತಿರುಗಿತು. ರಸ್ತೆಯ ಪಕ್ಕದಲ್ಲಿ, ಲಾರಿಗಳ ಧೂಳು ಬೀಳುವಲ್ಲಿ, ಮಣ್ಣು ಮಾಡಿದರು. ಐದು ದಿನ ಕಳೆದ ಮೇಲೆ ನಿಂಬೆವ್ವ ಎಂದಿನಂತೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಅವಳ ಕೆಲಸವೂ ಜಾಲಿಯದೇ. ಸಂಶೋಧನಾ ಕೇಂದ್ರವೊಂದರ ಹುಳದ ಶೆಡ್ಡಿನಲ್ಲಿ ಅವಳು ದಿನಗೂಲಿ.

*

ಗುರುಲಿಂಗ ಮುರ್ತುಜಾನೊಂದಿಗೆ ಮನೆಗೆ ಮರಳಿದಾಗ ಅಂಗಳ ತುಂಬಿತ್ತು. ಜಯಮಾಲಾ ಅವ್ವನ ತಲೆ ಬಾಚಿ ಮುಗಿಸಿ, ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

"ಹಳ್ಳದ ದಂಡೀಗೇ ತಗೊಂಡ್ ಹೋಗೂಣ," ಎಂದ ಅವನು.

ಜಯಮಾಲಾ ತಲೆ ಎತ್ತಿ ಅಣ್ಣನ ಮುಖ ನೋಡಿದಳು. "ಅವ್ವಂದೂ ಅದೇ ಆಸಿ ಇತ್ತು. ನೀ ಸಿಟ್ಟಾಗ್ತಿ ಅಂತ ನಾನೇ ಬಾಯಿ ಬಿಡಲಿಲ್ಲ. ಅಪ್ಪನ ಕುಣಿ ಮ್ಯಾಲಿಂದು ಒಂದು ಬೊಗಸಿ ಮಣ್ಣು ತಂದು ಸಂಗಾಟ ಹಾಕ್ರಿ ಅಂದಿದ್ಳು."

ಅಷ್ಟರಲ್ಲಿ ಬಾಗಿಲ ಮುಂದೆ ಜೀಪು ನಿಂತಿತು. ಇಳಿದು ಬಂದ ಹೆಂಗಸಿಗೆ ಐವತ್ತರ ಸುಮಾರು, ಅರ್ಧ ನರೆತ ಕೂದಲು. ಸಂಶೋಧನಾ ಕೇಂದ್ರದ ವಿಜ್ಞಾನಿ ಸಂಘಮಿತ್ರಾ. ಚಪ್ಪಲಿ ಬಿಟ್ಟು ಒಳಗೆ ಬಂದವಳು ನಿಂಬೆವ್ವನ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಜಯಮಾಲಾ ಅವಳಿಗೆ ಚಾಪೆ ಹಾಸಿದಳು. ಗುರುಲಿಂಗ ಮಾತ್ರ ಗೋಡೆಗೆ ಒರಗಿಯೇ ನಿಂತಿದ್ದ.

"ನನ್ನ ಗುರ್ತು ಹತ್ತಿಲ್ಲೇನ್ರಿ ಮೇಡಂ?"

"ಗುರ್ತು ಹತ್ತ್ಯದ, ಗುರುಲಿಂಗ."

"ನಿಮ್ಮ ಆಫೀಸಿನಾಗ ಡ್ರೈವರ್ ನೌಕರಿ ಪಕ್ಕಾ ಆಗಿತ್ರಿ ನಂದು. ಮೂರು ಬೀಜದ ಸಲುವಾಗಿ ಹೋಯ್ತು. ಅವ್ವ ಒಂದು ಸಲ ಬಾಯಿ ಮುಚ್ಕೊಂಡಿದ್ರ…"

ಸಂಘಮಿತ್ರಾ ನಿಧಾನಕ್ಕೆ ಕೇಳಿದಳು. "ಆ ಬೀಜ ಎಸೀರಿ ಅಂದೋರು ಯಾರು ಅಂತ ನಿಮ್ಮವ್ವ ಹೇಳ್ಯಾಳೇನು?"

"ದೊಡ್ಡ ಸಾಹೇಬ್ರು ಅಂದಾಳ."

"ಅಲ್ಲ. ನಾನು."

*

ಬೇರೆ ದೇಶದಿಂದ ತಂದ ಒಂದು ಪುಟ್ಟ ದುಂಬಿ ಆ ಶೆಡ್ಡಿನಲ್ಲಿತ್ತು, ಎರಡು ಬಾಗಿಲು, ಮೂರು ಜಾಳಿಗೆಯ ಒಳಗೆ. ಅದು ಜಾಲಿಯ ಕಾಯಿಯ ಮೇಲೆ ಮೊಟ್ಟೆ ಇಡುತ್ತಿತ್ತು. ಮರಿ ಒಳಗೆ ಕೊರೆದು ಬೀಜ ತಿಂದು ದೊಡ್ಡದಾಗಿ, ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತಿತ್ತು. ಅದನ್ನು ಹೊರಗೆ ಬಿಡುವ ಮೊದಲು, ಜಾಲಿ ಬಿಟ್ಟು ಬೇರೇನನ್ನೂ ಅದು ತಿನ್ನುವುದಿಲ್ಲ ಎಂದು ಖಾತ್ರಿಯಾಗಬೇಕಿತ್ತು. ತೊಗರಿ, ಶೇಂಗಾ, ಹುಣಸೆ, ಬನ್ನಿ, ಹೀಗೆ ನಲವತ್ತು ಬಗೆಯ ಬೀಜಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಹುಳ ಬಿಡುತ್ತಿದ್ದರು. ಓದು ಬರಹ ಬಾರದ ನಿಂಬೆವ್ವನ ಕೆಲಸ ದಿನವೂ ಪ್ರತಿ ಬೀಜವನ್ನು ಬೆಳಕಿಗೆ ಹಿಡಿದು ನೋಡುವುದು.

ಆರು ವರ್ಷ ಹೀಗೆ ಕಳೆಯಿತು. ದಿಲ್ಲಿಯಿಂದ ತಜ್ಞರು ಬಂದು ಒಪ್ಪಿಗೆ ಕೊಡಲು ಎರಡು ದಿನ ಇರುವಾಗ, ಬನ್ನಿಯ ಡಬ್ಬಿಯಲ್ಲಿ ನಿಂಬೆವ್ವನಿಗೆ ತೂತು ಬಿದ್ದ ಬೀಜ ಸಿಕ್ಕವು. ಒಂದಲ್ಲ, ಮೂರು.

ಸಂಘಮಿತ್ರಾಳಿಗೆ ಆಗ ಮೂವತ್ತೈದು. ಬೀಜಗಳನ್ನು ಅವಳು ಅಂಗೈಯಲ್ಲಿ ತಿರುವಿ ನೋಡಿದಳು. ಬನ್ನಿ ಜಾಲಿಯ ದಾಯಾದಿ ಮರ. ಹುಳ ಅದಕ್ಕೆ ಬಾಯಿ ಹಾಕಿದರೆ ಎಲ್ಲ ಮುಗಿದಂತೆ.

"ಜಾಲಿ ಬೀಜ ಬೆರೆತಿರಬೇಕು ನಿಂಬೆವ್ವಾ. ಎರಡು ಸಾವಿರದಾಗ ಮೂರು. ಎಸೆದು ಬಿಡು."

"ಬನ್ನಿ ಬೀಜದ ಗುರ್ತು ನನಗ ಹತ್ತಂಗಿಲ್ಲೇನ್ರಿ?"

"ಆರು ವರ್ಷದ ಕೆಲಸ ಹೋಗ್ತದ."

ನಿಂಬೆವ್ವ ಆ ಮೂರು ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡನ ಗಲ್ಲಕ್ಕೆ ಮುಳ್ಳು ಗೀರಿ ಆಗ ಒಂದು ವರ್ಷವೂ ಆಗಿರಲಿಲ್ಲ. ಜಾಲಿ ಹೋಗಲಿ ಎಂದು ಆ ಶೆಡ್ಡಿನಲ್ಲಿ ಅವಳಷ್ಟು ಬಯಸಿದವರು ಬೇರೆ ಯಾರೂ ಇರಲಿಲ್ಲ.

ತಜ್ಞರು ಬಂದರು. ಕೇಂದ್ರದ ಮುಖ್ಯಸ್ಥರಾದ ದೊಡ್ಡ ಸಾಹೇಬರು ಶೆಡ್ಡು ತೋರಿಸಿದರು. ಬಂದವರಲ್ಲಿ ಕನ್ನಡ ಬಲ್ಲ ಒಬ್ಬ ಹಿರಿಯರು ಹೋಗುವಾಗ ಸುಮ್ಮನೆ ನಕ್ಕು ನಿಂಬೆವ್ವನನ್ನು ಕೇಳಿದರು. "ಎಲ್ಲಾ ಸರಿ ಐತೇನಮ್ಮ?"

ಅವಳು ಸೆರಗಿನ ಗಂಟು ಬಿಚ್ಚಿ ಮೂರು ಬೀಜಗಳನ್ನು ಮೇಜಿನ ಮೇಲಿಟ್ಟಳು.

"ಇದು ಬನ್ನೀನೂ ತಿಂತದ್ರಿ ಸಾಹೇಬ್ರ. ಇದನ್ನ ಹೊರಗ ಬಿಟ್ರ ನಮ್ಮ ಮಕ್ಕಳು ದಸರಾಕ್ಕ ಒಬ್ಬರ ಕೈಯಾಗ ಒಬ್ಬರು ಏನು ಕೊಡಬೇಕ್ರಿ?"

ಹಿರಿಯರು ಮಸೂರ ತರಿಸಿ ಬೀಜಗಳನ್ನು ಒಂದೊಂದಾಗಿ ನೋಡಿದರು. ಅದೇ ವಾರ ಶೆಡ್ಡಿನ ಹುಳಗಳನ್ನೆಲ್ಲ ಸುಟ್ಟರು. ಮುಂದಿನ ವಾರ ನಿಂಬೆವ್ವನಿಗೆ ನಾಳೆಯಿಂದ ಬರಬೇಡ ಎಂದರು. ಅವಳ ಮಗನಿಗೆ ಕೊಡುತ್ತೇವೆಂದಿದ್ದ ನೌಕರಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

*

"ಎರಡು ವರ್ಷ ನನಗ ನಿದ್ದಿ ಬರಲಿಲ್ಲ," ಎಂದಳು ಸಂಘಮಿತ್ರಾ. "ಅಕಿ ಅವತ್ತು ಸುಮ್ಮಿದ್ದಿದ್ರ ನಾನು ಈ ಜಿಲ್ಲಾದ ಬನ್ನಿ ಎಲ್ಲಾ ಹಾಳು ಮಾಡ್ತಿದ್ದೆ. ಬ್ಯಾರೇ ಜಾತಿ ಎರಡನೇ ಹುಳ ಸಿಕ್ಕಾಗ ಮೊದಲು ಈ ಮನಿ ಬಾಗಿಲಿಗೆ ಬಂದೆ. ದೊಡ್ಡ ಸಾಹೇಬ್ರು ವರ್ಗಾ ಆಗಿ ಹೋಗಿದ್ರು. 'ನನಗ ಹೌದ್ರಿ ಅನ್ನೋರು ಬ್ಯಾಡ, ಇಲ್ರಿ ಅನ್ನೋರು ಬೇಕು. ಬಾ ನಿಂಬೆವ್ವಾ' ಅಂದೆ. ರೊಟ್ಟಿ ಬಡಿಯಾಕತ್ತಿದ್ಳು. ಕೈ ತೊಳಕೊಂಡು, 'ಉಂಡು ಹೋಗೂಣ ಕೂಡ್ರಿ' ಅಂದ್ಳು. ಅಷ್ಟೇ."

ಗುರುಲಿಂಗ ಗೋಡೆ ಬಿಟ್ಟು ಬಂದು ಅವಳೆದುರು ಚಾಪೆಯ ಅಂಚಿಗೆ ಕುಳಿತ.

"ಆ ಹುಳ ಬನ್ನಿ ತಿನ್ನಲಿಲ್ಲೇನ್ರಿ?"

"ಐದು ವರ್ಷ ನೋಡಿದ್ಳು. ಒಂದು ಬೀಜ, ಒಂದೇ ಒಂದು ಬೀಜಕ್ಕೂ ತೂತು ಬೀಳಲಿಲ್ಲ. ಈ ಸಲ ತಜ್ಞರು ಬಂದಾಗ ನನ್ನ ಕೇಳಲಿಲ್ಲ. ನೇರ ಅಕಿ ಹತ್ರ ಹೋದ್ರು. 'ಬಿಡ್ರಿ' ಅಂದ್ಳು. ಬಿಟ್ವಿ."

"ಸುಮ್ಮನ ಬಿಡಾಕ ನಾವು ಎಲ್ಲಿ ಬಿಟ್ವಿ!" ಎಂದು ಮುರ್ತುಜಾ ನಡುವೆ ಬಾಯಿ ಹಾಕಿದ. ಕುಳಿತವರಲ್ಲಿ ಒಂದಿಬ್ಬರು ನಕ್ಕರು. "ಎಲ್ಲಾರಕಿಂತ ಜೋರು ನಾನೇ ಚೀರಿದ್ದೆ. ಹುಳ ತೊಗರಿ ತಿಂದ್ರ ಊರೇ ಹಾಳಾಗ್ತದ, ಜಾಲಿ ಹೋದ್ರ ನನ್ನ ಇದ್ದಿಲ ಭಟ್ಟಿ ಆರ್ತದ ಅಂತ. ನಿಮ್ಮವ್ವ ಕಟ್ಟಿ ಏರಿ ಏನಂದ್ಳು ಗೊತ್ತದೇನು ಗುರು? 'ಮೊದಲು ನನ್ನ ತೊಗರಿ ತಿನ್ಲಿ. ಮುರ್ತುಜಾನೇ ಕಾಯಲಿ.' ಹೂವು ಕಾಯಿ ಹಿಡಿದ ಹೊಲದಾಗ ಒಂದು ಮೂಲ್ಯಾಗ ಪರದೆ ಕಟ್ಟಿ ಸಾವಿರ ಹುಳ ಬಿಟ್ಟರು. ನಲವತ್ತು ದಿವಸ ನಾ ಕಾದೀನಿ. ಒಂದು ಕಾಯಿಗಿ ತೂತು ಕಂಡಿದ್ರ ಅವತ್ತೇ ಬೆಂಕಿ ಹಚ್ತಿದ್ದೆ. ಕಾಣಲಿಲ್ಲ."

"ಭಟ್ಟಿ?" ಎಂದು ಯಾರೋ ಕೇಳಿದರು.

"ಹುಳ ಮರ ಕೊಲ್ಲಂಗಿಲ್ಲಲೇ, ಬೀಜ ಕೊಲ್ತದ. ನಿಂತ ಮರ ಕಡಿಯೋ ಕೆಲಸ ಪಂಚಾಯ್ತಿಯವ್ರು ನನಗೇ ಕೊಟ್ರು. ಎಂಟು ವರ್ಷಾತು, ಇನ್ನೂ ಕಡೀಲಾಕತ್ತೇನಿ. ಆದ್ರ ಆಡು ಕಾಯೋರನ್ನ ಒಪ್ಪಿಸೋದು ಇದಕ್ಕೂ ದೊಡ್ಡ ತ್ರಾಸು. ಕಾಯಿ ಬಿದ್ದ ಕೂಡಲೆ ಆಡು ತಿಂದ್ರ ಹುಳಕ್ಕ ಜಾಗಾ ಎಲ್ಲಿ? ಮೂರು ಹಂಗಾಮು ಅಕಿ ಆಡಿನ ಹಿಂದ ತಿರುಗಿದ್ಳು. 'ಮೊದಲು ಹುಳಕ್ಕ, ಆಮ್ಯಾಲ ನಿಮ್ಮ ಆಡಿಗಿ' ಅಂತ. ಬೈಸಿಕೊಂಡ್ಳು. ಮತ್ತ ಮರುದಿವಸ ಹೋದ್ಳು."

ಗುರುಲಿಂಗ ಅವ್ವನ ಕಡೆ ನೋಡಿದ. ಮನೆಗೆ ಬಂದಾಗಲೆಲ್ಲ ಅವಳು ಹಳ್ಳದ ಕಡೆ ಬಾ, ಒಂದು ಸಲ ನೋಡು ಎಂದು ಕರೆದಿದ್ದಳು. ಅವನು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

"ನೌಕರಿ ಹೋಗಿದ್ದಕ್ಕ ನಾ ಅಕಿ ಸಂಗಾಟ ಮಾತು ಕಮ್ಮಿ ಮಾಡಿದ್ದೆ," ಎಂದ, ಯಾರಿಗೂ ಅಲ್ಲ ಎಂಬಂತೆ. ನಂತರ ಎದ್ದು, ಬುಟ್ಟಿ ತೆಗೆದುಕೊಂಡು, ರಸ್ತೆ ಪಕ್ಕದ ಅಪ್ಪನ ಕುಣಿಯ ಕಡೆ ತಾನೇ ಹೊರಟ.

*

ಮಧ್ಯಾಹ್ನ ಎರಡಕ್ಕೆ ಚಟ್ಟ ಎದ್ದಿತು. ಮುಂದೆ ಹಲಗಿಯ ಬಡಿತ, ಹಿಂದೆ ಭಜನೆ. ಊರಿನವರ ಜೊತೆ ಆಳಂದ, ಜೇವರ್ಗಿಯ ಕಡೆಯಿಂದ ಬಂದ ರೈತರೂ ಇದ್ದರು. ತಮ್ಮ ಹಳ್ಳಗಳಿಗೂ ಹುಳ ಬಿಡಿಸಿಕೊಂಡವರು. ತಗ್ಗಿಗೆ ಇಳಿಯುವಾಗ ಹೊತ್ತವರು ಒಬ್ಬರನ್ನೊಬ್ಬರು ಎಚ್ಚರಿಸಬೇಕಾಗಿ ಬರಲಿಲ್ಲ. ನಾಲ್ವರೂ ಸಾಲಾಗಿ, ತಲೆ ಎತ್ತಿ ನಡೆದರು. ಚಟ್ಟದ ಹೂವಿನ ಒಂದು ಎಸಳೂ ಕೊಂಬೆಗೆ ತಾಗಲಿಲ್ಲ.

ಹೆಗಲು ಕೊಟ್ಟಿದ್ದ ಗುರುಲಿಂಗನ ಪಕ್ಕಕ್ಕೆ ಜೇವರ್ಗಿಯ ಮುದುಕನೊಬ್ಬ ಬಂದ. "ಇಷ್ಟು ಮಂದಿ ಸೇರ್ಯಾರ. ಹುಳ ಕೊಟ್ಟಾಕಿ ಅಂತಷ್ಟೇ ನನಗ ಗೊತ್ತು. ಏನು ನೌಕರಿ ಮಾಡ್ತಿದ್ಳಪ್ಪ ನಿಮ್ಮವ್ವ?"

"ಬೀಜ ಎಣಿಸ್ತಿದ್ಳು ಮುತ್ಯಾ," ಎಂದ ಗುರುಲಿಂಗ. ಹಿಂದಿನವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ. "ಎರಡು ಸಾವಿರದಾಗ ಮೂರು ಇದ್ರೂ ಬಿಡ್ತಿದ್ದಿಲ್ಲ."

ಮುತ್ಯಾನ ಕಲ್ಲಿನ ಬಲಕ್ಕೆ ಮುರ್ತುಜಾನ ಆಳುಗಳು ಕುಣಿ ತೆಗೆದಿದ್ದರು. ನಿಂಬೆವ್ವನನ್ನು ಇಳಿಸಿದರು. ಗುರುಲಿಂಗ ಅಪ್ಪನ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಅವಳ ಎದೆಯ ಮೇಲೆ ಹಾಕಿದ. ನಂತರ ಬುಟ್ಟಿಯನ್ನು ಸಂಘಮಿತ್ರಾಳ ಮುಂದೆ ಹಿಡಿದ. "ನೀವೂ ಕೊಡ್ರಿ ಮೇಡಂ." ಅವಳು ಎರಡೂ ಕೈಯಲ್ಲಿ ಮಣ್ಣು ಕೊಟ್ಟಳು.

ಮಣ್ಣಾದ ಮೇಲೆ ಕೈಕಾಲು ತೊಳೆಯದೆ ಮನೆಗೆ ಹೋಗುವಂತಿಲ್ಲ. ಯಾರೋ ಅಭ್ಯಾಸದಂತೆ ಕೊಡ ಎಲ್ಲಿ ಎಂದು ಕೇಳಿದರು. ಯಾರೂ ತಂದಿರಲಿಲ್ಲ. ಜಾಲಿ ಮುಚ್ಚಿದ್ದಾಗ ಕೊಡದ ನೀರೇ ಗತಿಯಾಗಿತ್ತು; ಈಗ ಹಳ್ಳ ಬಯಲಾಗಿ ಹರಿಯುತ್ತಿತ್ತು. ಜಯಮಾಲಾ ಸೀರೆಯ ನೆರಿಗೆ ಎತ್ತಿ ಹಿಡಿದು ಮರಳಿನ ದಂಡೆ ಇಳಿದು ಹಳ್ಳದೊಳಕ್ಕೆ ಕಾಲಿಟ್ಟಳು. ನೀರು ಮೊಣಕಾಲ ತನಕ ಬಂತು. ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಇಳಿದರು, ಆಮೇಲೆ ಗಂಡಸರು, ಮುರ್ತುಜಾ, ಹಲಗಿಯವರು, ಜೀಪಿನ ಡ್ರೈವರು. ನೂರಾರು ಜನ ಹರಿಯುವ ನೀರಿನಲ್ಲಿ ನಿಂತು ಮುಖ ತೊಳೆದರು. ಯಾವುದೋ ಮಾತಿಗೆ ಒಬ್ಬಳು ನಕ್ಕಳು, ಇನ್ನೊಬ್ಬಳು ಅವಳ ಮೇಲೆ ನೀರು ಎರಚಿದಳು, ಯಾರೂ ಗದರಲಿಲ್ಲ. ಗುರುಲಿಂಗ ಬೊಗಸೆ ತುಂಬಿ ನೀರು ಕುಡಿದ.

ಸಂಜೆಯ ಬಿಸಿಲಿನಲ್ಲಿ ಎಲ್ಲರೂ ಬರಿಗಾಲಲ್ಲೇ ಊರ ಕಡೆ ಹತ್ತಿದರು. ಹಿಂದೆ ದಾರಿಯುದ್ದಕ್ಕೂ ಒದ್ದೆ ಹೆಜ್ಜೆಗಳು, ದೊಡ್ಡವು, ಸಣ್ಣವು, ಒಂದರ ಮೇಲೊಂದು, ಹಳ್ಳದಿಂದ ಊರಿನ ಅಗಸಿ ಬಾಗಿಲ ತನಕ.