ಹಿಮ್ಮಡಿಯ ತೇಪೆ

ಫೆಮ್ಕೆಯ ಬೂಟು ಹಿಂದಿನ ದಿನ ಹವಳದ ಬಂಡೆಗೆ ಸಿಕ್ಕಿ ಬಾಯಿ ಬಿಟ್ಟಿತ್ತು. ಬೆಳಗ್ಗೆ ಅದನ್ನು ಎತ್ತಿ ಹಿಡಿದು ಪೆಚ್ಚುಮೋರೆ ಹಾಕಿಕೊಂಡು ನಿಂತ ಹುಡುಗಿಯನ್ನು ನೋಡಿ ಲೇಮಾಸ್‌ಗೆ ನಗು ತಡೆಯಲಾಗಲಿಲ್ಲ. ತನಗಿಂತ ದೊಡ್ಡ ಚೀಲ ಬೆನ್ನಿಗೆ ಕಟ್ಟಿಕೊಂಡು ಹಾಲೆಂಡಿನಿಂದ ಈ ದ್ವೀಪಕ್ಕೆ ಒಬ್ಬಳೇ ಬಂದು ಅವಳ ಮನೆಯಲ್ಲಿ ಉಳಿದುಕೊಂಡವಳು. ಆ ಚೀಲದಲ್ಲಿ ಔಷಧಿ, ಹಗ್ಗ, ಸೊಳ್ಳೆಪರದೆ, ಮೂರು ಬಗೆಯ ಟಾರ್ಚು ಎಲ್ಲ ಇದ್ದವು. ಕಾಲಿಗೆ ಇನ್ನೊಂದು ಜೊತೆ ಮಾತ್ರ ಇರಲಿಲ್ಲ.

"ತಗೋ, ನನ್ನ ಚಪ್ಪಲಿ ಹಾಕ್ಕೋ," ಎಂದಳು ಲೇಮಾಸ್.

"ನಿಮಗೆ, ಅಮ್ಮ?"

"ನಂಗೆ ಅಂಗಾಲಿದೆ. ನಿಂದು ಬ್ರೆಡ್ಡು."

ನೀಲಿ ರಬ್ಬರ್ ಚಪ್ಪಲಿಗಳು. ಎಡಗಾಲಿನದಕ್ಕೆ ಹಿಮ್ಮಡಿಯ ಅಡಿಯಲ್ಲಿ ಲಾರಿ ಟೈರಿನ ಮೂರು ಮೂಲೆಯ ತೇಪೆ. ಹೋದ ವರ್ಷ ಮೈದುನ ಕಾಲ್ತೆರೆಕ್ ಮೀನಿನ ದಾರದಲ್ಲಿ ಹೊಲಿದು ಕೊಟ್ಟದ್ದು. ಆಗ ಇಬ್ಬರಿಗೂ ಮಾತಿತ್ತು.

ಮಾತು ಕೆಟ್ಟದ್ದು ಕಡಲಂಚಿನ ತೋಟದಿಂದ. ಲೇಮಾಸ್‌ಳ ಗಂಡ ಎಪ್ರಾಯ್ಮ್ ನಲವತ್ತು ತೆಂಗು ನೆಟ್ಟು ಬೆಳೆಸಿದ ನೆಲ ಅದು. ಕಳೆದ ಚಂಡಮಾರುತದ ಮರುದಿನ ಮರ ಬಿದ್ದು ಸತ್ತವನನ್ನು ಮಣ್ಣು ಮಾಡಿದ್ದೂ ಅಲ್ಲೇ. ಮಕ್ಕಳಿರಲಿಲ್ಲ. ನೆಲ ಅಪ್ಪನಿಂದ ಬಂದದ್ದು, ಈಗ ನನ್ನ ಗಂಡುಮಕ್ಕಳಿಗೆ ಸೇರಬೇಕು ಎಂದು ಕಾಲ್ತೆರೆಕ್ ಕೇಳಿದ. ಅದು ಹೋದರೆ ಲೇಮಾಸ್ ತವರಿನ ದ್ವೀಪಕ್ಕೆ ದೋಣಿ ಹತ್ತಬೇಕು. ತವರಿನಲ್ಲಿ ಅವಳನ್ನು ಕಾಯುತ್ತಿರುವವರು ಯಾರೂ ಇಲ್ಲ, ಗಂಡನ ಗೋರಿಯಂತೂ ಇಲ್ಲವೇ ಇಲ್ಲ.

ಊರ ಯಜಮಾನ ಮಸಾಂಗ ತೋಟದ ಬಾಯಿಗೆ ಒಂದು ಕೋಲು ನೆಟ್ಟು, ಅದಕ್ಕೆ ನಮೆಲೆ ಎಂಬ ಈಚಲಿನಂಥ ಮರದ ಗರಿಯೊಂದನ್ನು ಕಟ್ಟಿದ್ದ. ಶನಿವಾರ ಪಂಚಾಯ್ತಿ. ಅಲ್ಲಿಯವರೆಗೆ ಇಬ್ಬರೂ ಒಳಗೆ ಕಾಲಿಡಬಾರದು. ಗರಿ ಕಿತ್ತವರು ಕೋರೆ ಬಾಗಿದ ಹಂದಿ ಕೊಡಬೇಕು, ನೆಲದ ಮೇಲಿನ ಹಕ್ಕೂ ಹೋಯಿತು.

ನಮೆಲೆ ಕಟ್ಟಿದ ಕಡೆ ಊರಿನ ನಾಯಿಯೂ ಸುಳಿಯುವುದಿಲ್ಲ. ಲೇಮಾಸ್ ಹುಡುಗಿಗೆ ಬೇರೆಲ್ಲ ಹೇಳಿಕೊಟ್ಟಳು: ಯಜಮಾನರ ಎದುರು ಟೋಪಿ ತೆಗಿ, ತೊಡೆ ಕಾಣುವ ಚಡ್ಡಿಯಲ್ಲಿ ಊರೊಳಗೆ ಬರಬೇಡ, ಕೊಟ್ಟದ್ದನ್ನು ಬೇಡ ಅನ್ನಬೇಡ. ಗರಿಯ ವಿಷಯ ಮಾತ್ರ ಹೇಳಲಿಲ್ಲ. ಬೆಂಕಿ ಸುಡುತ್ತದೆ ಎಂದು ಬೆಳೆದ ಹುಡುಗಿಗೆ ಯಾರಾದರೂ ಹೇಳುತ್ತಾರೆಯೇ?

ಇಬ್ಬರೂ ರಸ್ತೆಬದಿಯ ಮಾರುಕಟ್ಟೆಗೆ ಹೋದರು. ಮುದುಕಿ ಲೇಪಾತ್ ಹುಡುಗಿಯ ಕೈ ಹಿಡಿದು ತಿರುಗಿಸಿ ನೋಡಿದಳು.

"ಎಷ್ಟು ವರ್ಷ?"

"ಇಪ್ಪತ್ತೇಳು."

"ಗಂಡ?"

"ಇಲ್ಲ."

"ಅಯ್ಯೋ, ಅಲ್ಲಿಂದ ಇಲ್ಲೀವರೆಗೆ ಹುಡುಕ್ಕೊಂಡು ಬಂದಿದೀಯಾ? ಇಲ್ಲಿರೋವ್ರು ಎಲ್ಲಾ ಹಲ್ಲಿಲ್ದೋರು ಕಣೇ!" ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಫೆಮ್ಕೆ ಎಲ್ಲರಿಗಿಂತ ಜೋರಾಗಿ ನಕ್ಕಳು, ನೂರು ವಾತು ಕೊಟ್ಟು ಬಾಳೆಹಣ್ಣಿನ ಗೊನೆಯನ್ನೇ ಕೊಂಡು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿದಳು. ಜನಕ್ಕೆ ಅವಳು ಹಿಡಿಸಿದಳು. ಲೇಮಾಸ್‌ಗೂ ಹಿಡಿಸಿದಳು, ಅದನ್ನು ಇಲ್ಲವೆನ್ನುವಂತಿಲ್ಲ.

ತಿರುವಿನಲ್ಲಿ ಕಾಲ್ತೆರೆಕ್ ಎಳನೀರು ಇಳಿಸುತ್ತಿದ್ದ. ಅತ್ತಿಗೆಯನ್ನು ಕಂಡು ಮುಖ ಗಂಟಿಕ್ಕಿದ, ಆದರೂ ಅತಿಥಿಗೆ ಒಂದು ಕೆತ್ತಿ ಕೊಟ್ಟ. ಫೆಮ್ಕೆ ದುಡ್ಡು ತೆಗೆದಳು.

"ಒಳಗಿಟ್ಕೋ. ನೀನು ಅಣ್ಣನ ಮನೆ ಅತಿಥಿ." ಆಮೇಲೆ ಲೇಮಾಸ್ ಕಡೆ ತಿರುಗದೆಯೇ, "ಅತ್ತಿಗೆ, ಶನಿವಾರಕ್ಕೆ ಹೊಸ ಬಟ್ಟೆ ಹೊಲಿಸ್ಕೊಂಡ್ರಾ? ದೋಣೀಲಿ ಊರಿಗೆ ಹೋಗುವಾಗ್ಲೂ ಆಗುತ್ತೆ."

"ನೀನು ಬಾಯಿಗೊಂದು ತೇಪೆ ಹಾಕ್ಕೋ. ಚೆನ್ನಾಗಿ ಹಾಕ್ತೀಯಲ್ಲ!"

ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಲೇಮಾಸ್‌ಗೆ ಮೈ ಉರಿಯಿತು. ಅಣ್ಣ ಸತ್ತಾಗ ಮೂರು ದಿನ ಉಪವಾಸ ಕೂತವನು ಇವನೇ ಎಂಬುದು ನೆನಪಾಗಿ ಇನ್ನಷ್ಟು ಉರಿಯಿತು.

ಲಪ್‌ಲಪ್ ಕಡುಬಿಗೆ ಗೆಣಸು ತುರಿಯಬೇಕಿತ್ತು. ಅವಳು ಮನೆಗೆ ತಿರುಗಿದಳು, ಹುಡುಗಿ ಕಡಲ ದಾರಿ ಹಿಡಿದಳು.

ಕಾದ ಕಲ್ಲುಗಳ ಮೇಲೆ ಎಲೆಯ ಗಂಟು ಇಟ್ಟು ಮುಚ್ಚುವ ಹೊತ್ತಿಗೆ ಫೆಮ್ಕೆ ಬಂದಳು. ಮುಖ ಕೆಂಪಾಗಿತ್ತು, ಸಂತೋಷ ತುಳುಕುತ್ತಿತ್ತು. ಟೋಪಿಗೆ ಸುತ್ತಿ ಸಿಕ್ಕಿಸಿಕೊಂಡ ಉದ್ದನೆಯ ಹಸಿರು ಗರಿ ಹಿಂದಕ್ಕೆ ಬಾಗಿ ಆಡುತ್ತಿತ್ತು.

"ಎಷ್ಟು ಚೆನ್ನಾಗಿದೆ ನೋಡಿ, ಅಮ್ಮ! ಒಂದು ಕೋಲಿಗೆ ಕಟ್ಟಿದ್ರು. ಹಬ್ಬ ಮುಗಿದಿರಬೇಕು ಅಂದ್ಕೊಂಡೆ."

ಲೇಮಾಸ್‌ಳ ಕೈಯಲ್ಲಿದ್ದ ಇಕ್ಕಳ ಬೂದಿಗೆ ಬಿತ್ತು.

"ಯಾರಾದ್ರೂ ನೋಡಿದ್ರಾ?"

"ಇಲ್ಲ. ಯಾಕೆ? ತಪ್ಪಾಯ್ತಾ?"

ಅತಿಥಿ ಮಾಡಿದ್ದು ಮನೆಯವರು ಮಾಡಿದ ಹಾಗೆ. ಈ ಕ್ಷಣ ಗರಿ ಹಿಡಿದು ಯಜಮಾನರ ಬಳಿ ಓಡಿದರೆ ಅವರು ನಂಬಬಹುದು, ನಂಬದೆಯೂ ಇರಬಹುದು. ನಂಬಿದರೂ ದಂಡ ತನ್ನ ತಲೆಗೇ, ತನ್ನ ಅಂಗಳದಲ್ಲಿ ಹಂದಿಯಿಲ್ಲ. ಸುಮ್ಮನಿದ್ದರೆ? ಊರಲ್ಲಿ ಆ ಗರಿಗೆ ಕೈ ಹಾಕುವಷ್ಟು ಮುಂಗೋಪಿ ಮೈದುನ ಒಬ್ಬನೇ, ಎಲ್ಲರ ಬಾಯಲ್ಲಿ ಅವನ ಹೆಸರೇ ಬರುತ್ತದೆ. ಈ ಯೋಚನೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಆದರೂ ಯೋಚನೆ ಹೋಗಲಿಲ್ಲ.

"ಏನೂ ಇಲ್ಲ," ಎಂದಳು. "ಕೊಡಿಲ್ಲಿ, ಬಾಡುತ್ತೆ. ನಾನು ಎತ್ತಿಡ್ತೀನಿ. ನೀನು ಸ್ವಲ್ಪ ಮಲಕ್ಕೋ." ಗರಿಯನ್ನು ಗೆಣಸಿನ ಬುಟ್ಟಿಯ ತಳಕ್ಕೆ ತುರುಕಿದಳು. ಸುಡುವ ಧೈರ್ಯ ಬರಲಿಲ್ಲ.

ಮರದ ನಗಾರಿ ಬಾರಿಸಿದ್ದು ಮೂರು ಗಂಟೆಯ ಸುಮಾರಿಗೆ. ಊರ ಹಾದಿ ಚೂಪುಗಲ್ಲಿನದು. ಹುಡುಗಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಲೇಮಾಸ್ ಆಲದ ಮರದಡಿಗೆ ಹೋದಳು. ಜನ ಆಗಲೇ ಸೇರಿ ಗುಸುಗುಸು ಮಾತಾಡುತ್ತಿದ್ದರು, ಎಲ್ಲರ ಕಣ್ಣೂ ಒಂದೇ ಕಡೆ. ಕಾಲ್ತೆರೆಕ್ ಬೇರಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಗರಿ ಹೋಗಿದೆ," ಎಂದ ಮಸಾಂಗ. "ಯಾರು?"

ಕಾಲ್ತೆರೆಕ್ ತಲೆಯೆತ್ತಿ ಅತ್ತಿಗೆಯ ಮುಖ ನೋಡಿದ, ಆಮೇಲೆ ಅವಳ ಕಾಲು ನೋಡಿದ. ಎದ್ದು ನಿಂತ.

"ನಾನು."

"ನೀನೇನಾ? ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಒಂದು ಸಲ ಹೇಳಿದ್ನಲ್ಲ, ಯಜಮಾನ್ರೇ. ನಾನೇ ಕಿತ್ತೆ. ಹಂದಿ ತರ್ತೀನಿ."

ಇವನಿಗೇನು ಹುಚ್ಚೇ? ಇವನೂ ಗರಿ ಕೀಳಲೆಂದೇ ಹೋಗಿದ್ದನೋ ಏನೋ, ಅದಕ್ಕೇ ಮನಸ್ಸು ಚುಚ್ಚಿರಬೇಕು ಎಂದು ಲೇಮಾಸ್ ತನಗೆ ತಾನೇ ಹೇಳಿಕೊಂಡಳು. ನಂಬಲು ಬಹಳ ಅನುಕೂಲವಾದ ಮಾತು, ಹಾಗಾಗಿ ನಂಬಿದಳು.

ಹಂದಿ ಬಂತು. ಏಳು ವರ್ಷ ಕೈತುತ್ತು ಹಾಕಿ ಸಾಕಿದ್ದು, ಹಿರಿಮಗನ ಮದುವೆಗೆಂದು ಇಟ್ಟದ್ದು. ಕೋರೆ ಬಳೆಯ ಹಾಗೆ ಪೂರ್ತಿ ಸುತ್ತಿತ್ತು. ಕಾಲ್ತೆರೆಕ್‌ನ ಹೆಂಡತಿ ಗುಂಪಿನ ಹಿಂದೆ ಉಡುಪಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬೇರೆ ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಮಸಾಂಗ ಸುತ್ತ ನೋಡಿದ. "ಹಂದಿ ಬಿದ್ದ ಮೇಲೆ ಈ ಮಾತು ಮುಗೀತು. ಮತ್ತೆ ಎತ್ತಿದೋರು ಊರಲ್ಲಿ ಇರೋ ಹಾಗಿಲ್ಲ."

ಅವನು ಬೇಕೆಂದೇ ಕಾದ. ಲೇಮಾಸ್‌ಳ ನಾಲಿಗೆಯ ತುದಿಯವರೆಗೂ ಮಾತು ಬಂತು. ಗೋರಿಯ ಸುತ್ತ ತಾನೇ ಜೋಡಿಸಿದ ಬಿಳಿ ಹವಳದ ಕಲ್ಲುಗಳು ಕಣ್ಣೆದುರು ಬಂದವು. ಅವಳು ಬಾಯಿ ಮುಚ್ಚಿಕೊಂಡಳು. ದೊಣ್ಣೆ ಏರಿತು, ಇಳಿಯಿತು.

ಕತ್ತಲಾಗುವ ಮುಂಚೆ ಕಾಲ್ತೆರೆಕ್ ಮನೆಗೆ ಬಂದ. ಎಲೆಯಲ್ಲಿ ಸುತ್ತಿದ ಹಂದಿಯ ಹಿಂದೊಡೆ ಹೆಗಲ ಮೇಲಿತ್ತು. ಗೆದ್ದವರ ಮನೆಗೆ ಸೋತವನೇ ಹೊತ್ತು ತರಬೇಕು, ಗೆದ್ದವರು ಎರಡೂ ಕೈ ನೀಡಿ ತೆಗೆದುಕೊಳ್ಳಬೇಕು. ಲೇಮಾಸ್ ಕೈ ನೀಡಿದಳು.

"ಅತ್ತಿಗೆ," ಅವನು ದನಿ ತಗ್ಗಿಸಿದ, "ಆ ಚಪ್ಪಲಿ ಒಲೆಗೆ ಹಾಕಿ. ಮರಳಿನ ಮೇಲೆ ಮೂರು ಮೂಲೆಯ ಗುರುತು ಕೋಲಿನವರೆಗೂ ಇತ್ತು. ನಾನು ಮೊದ್ಲು ನೋಡಿದ್ದು ಪುಣ್ಯ. ಒಣ ತೆಂಗಿನ ಗರಿ ಎಳೆದು ಎಲ್ಲಾ ಅಳಿಸ್ದೆ."

ಅವಳು ಮಾಂಸವನ್ನು ಬಾಗಿಲ ಬಳಿ ಇಳಿಸಿದಳು.

"ನಿಮ್ಮ ಮೇಲೆ ಸಿಟ್ಟಿದೆ, ಇಲ್ಲ ಅನ್ನಲ್ಲ. ಆದ್ರೆ ಅಣ್ಣನ ಹತ್ರ ಇರ್ಬೇಕು ಅಂತ ಮಾಡಿದ್ರಿ. ಅವನ ಹೆಂಡ್ತೀನ ಗಂಡಸರ ಮಧ್ಯೆ ನಿಲ್ಲಿಸಿ ದೋಣಿ ಹತ್ತಿಸ್ಲಾ? ನನ್ನ ಕೈಲಾಗಲ್ಲ. ತೋಟ ನೀವೇ ಇಟ್ಕೊಳ್ಳಿ."

ಅವನು ತನ್ನನ್ನು ಕಳ್ಳಿ ಎಂದುಕೊಂಡಿದ್ದ, ಕಳ್ಳಿಗಾಗಿಯೇ ಏಳು ವರ್ಷದ ಹಂದಿಯನ್ನೂ ಮಕ್ಕಳ ನೆಲವನ್ನೂ ಕೊಟ್ಟಿದ್ದ. ತಾನು ಅದಕ್ಕಿಂತ ಕೀಳು ಎಂದು ಹೇಗೆ ಹೇಳುವುದು? ಕಳ್ಳಿಯಾಗಿಯೇ ಇರುತ್ತೇನೆ, ಇವನ ಮನಸ್ಸಿನಲ್ಲಿ ಅಷ್ಟಾದರೂ ಉಳಿಯಲಿ ಎಂದು ಲೇಮಾಸ್ ಬೇಡಿಕೊಂಡಳು.

ಅಷ್ಟರಲ್ಲಿ ಫೆಮ್ಕೆ ಬರಿಗಾಲಲ್ಲಿ ಹೊರಗೆ ಬಂದಳು. ಕಾಲ್ತೆರೆಕ್‌ನನ್ನು ನೋಡಿ ಮುಖ ಅರಳಿತು.

"ಓ, ಎಳನೀರು ಕೊಟ್ಟೋರು! ಅಮ್ಮ, ನಾಳೆ ಬೆಳಗ್ಗೆ ಲಾರಿ ಬರೋವರೆಗೂ ಚಪ್ಪಲಿ ಕೊಡ್ತೀರಲ್ಲ? ಮತ್ತೆ ಆ ನನ್ನ ಗರಿ ಎಲ್ಲಿಟ್ರಿ? ಮಧ್ಯಾಹ್ನ ನೀವೇ ತಗೊಂಡ್ರಲ್ಲ, ಟೋಪಿದು."

ಕಾಲ್ತೆರೆಕ್ ಹುಡುಗಿಯ ಕಾಲು ನೋಡಿದ. ಬಾಗಿಲ ಬಳಿ ಬಿಟ್ಟಿದ್ದ ನೀಲಿ ಚಪ್ಪಲಿ ನೋಡಿದ. "ಮಧ್ಯಾಹ್ನ," ಎಂದು ತನಗೇ ಹೇಳಿಕೊಂಡ.

"ಕಾಲ್ತೆರೆಕ್..." ಎಂದಳು ಲೇಮಾಸ್.

ಅವನು ಕೈಯೆತ್ತಿ ತಡೆದ. ಹಂದಿ ಬಿದ್ದಾಗಿತ್ತು, ಆ ಮಾತನ್ನು ಇನ್ನು ಯಾರೂ ಎತ್ತುವ ಹಾಗಿರಲಿಲ್ಲ. ಹುಡುಗಿಯ ತಲೆ ಒಮ್ಮೆ ಸವರಿ ಮೆಟ್ಟಿಲಿಳಿದ. ಬೇಲಿಯ ಬಳಿ ನಿಂತು ಹಿಂದೆ ತಿರುಗಿದ. ಅವಳು ಈ ಮನೆಗೆ ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ, ಜಗಳವಾಡಿದ ದಿನಗಳಲ್ಲೂ, ಅವನು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ.

"ಮಾಂಸ ಕೆಡುತ್ತೆ, ಲೇಮಾಸ್," ಎಂದ. "ಇವತ್ತೇ ತಿಂದು ಮುಗಿಸು."